ಶನಿ, ಮಾರಿ, ಸೈತಾನ: ಬೈಗುಳಕ್ಕಿಳಿದ ದೇವರ ಮಾತು

ಕುಕನೂರಿನ ಯಾವ ಓಣಿಯಲ್ಲಾದರೂ ಸಂಜೆ ನಳ ಬಿಡುವ ಹೊತ್ತಿಗೆ ಕಿವಿಗೊಟ್ಟರೆ ದೇವರ ಹೆಸರುಗಳು ಗುಡಿಯಲ್ಲಿ ಕೇಳಿಸುವಷ್ಟೇ ದಂಡಿಯಾಗಿ ಕೇಳಿಸುತ್ತವೆ. ಕೊಡ ಹಿಡಿದು ಪಾಳಿಗೆ ನಿಂತ ತಾಯಿ, ಆಟ ಬಿಟ್ಟು ಬಾರದ ಮಗನನ್ನು "ಏ ಶನಿ, ಎಲ್ಲಿ ಹಾಳಾಗಿ ಹೋಗಿದ್ದಿ? ನಿನಗ ಮಾರಿ ಬಡೀಲಿ, ಬಾ ಇಲ್ಲಿ" ಎಂದು ಕೂಗುತ್ತಾಳೆ. ಹುಡುಗ ಬಂದ ಮೇಲೆ ಸೆರಗಿನಿಂದ ಅವನ ಮುಖ ಒರೆಸಿ, ಚಿಕ್ಕ ಕೊಡವೊಂದನ್ನು ಹೆಗಲಿಗೇರಿಸಿ ಮನೆಗೆ ಕಳಿಸುತ್ತಾಳೆ. ಪಾಳಿ ತಪ್ಪಿಸಿ ಮುಂದೆ ಬಂದವಳಿಗೆ "ನಿನ್ನ ಬಾಯಾಗ ಮಣ್ಣ ಹಾಕ" ಎನ್ನುವ ಬೈಗುಳ, ಕೊಡ ಜಾರಿ ಕಾಲ ಮೇಲೆ ಬಿದ್ದರೆ "ಯವ್ವಾ, ಶಿವನ", ಸೈಕಲ್ ತಾಗಿಸಿಕೊಂಡು ಓಡಿದ ಹುಡುಗನಿಗೆ "ಎಲಾ ಸೈತಾನ". ಯಾರೂ ಬೆಚ್ಚುವುದಿಲ್ಲ, ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಇಡೀ ಊರನ್ನು ಖಾಲಿ ಮಾಡಿಸಿದ ದೇವತೆ, ಒಂದು ಗ್ರಹ, ದೇವರಿಗೇ ಎದುರು ನಿಂತವನೆಂದು ಹೇಳಲಾಗುವ ಒಬ್ಬ ದುಷ್ಟ, ಇವೆಲ್ಲ ಐದು ನಿಮಿಷದಲ್ಲಿ ಬೈಗುಳವಾಗಿ ಹರಿದುಹೋಗುತ್ತವೆ. ಇಂಥ ಮಾತು ಹಗುರವಾದದ್ದು ಹೇಗೆ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಇದಕ್ಕೆ ಸಿದ್ಧ ಉತ್ತರ ಒಂದಿದೆ. ಜನರಲ್ಲಿ ಭಕ್ತಿ ಕಡಿಮೆಯಾಯಿತು, ಅದಕ್ಕೇ ದೇವರ ಮಾತು ಬಾಯಿಚಪಲವಾಯಿತು ಎನ್ನುವುದು. ಈ ಉತ್ತರವನ್ನು ಕುಕನೂರೇ ಒಪ್ಪುವುದಿಲ್ಲ. ರಾಷ್ಟ್ರಕೂಟರ ಕಾಲದ, 9ನೇ ಶತಮಾನದ ನವಲಿಂಗ ಗುಡಿಗಳು ಇಲ್ಲಿವೆ. ಅವುಗಳ ಮಗ್ಗುಲಲ್ಲೇ ಮಹಾಮಾಯೆಯ ಗುಡಿಯಿದೆ, ಅಲ್ಲಿ ದೀಪ ಆರಿಲ್ಲ. ಗುದ್ನೇಶ್ವರ ಮಠದ ತೇರಿಗೆ ಜನ ಕಡಿಮೆಯಾಗಿಲ್ಲ. ಪಕ್ಕದ ಇಟಗಿಯಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಗುಡಿಯಿದೆ. ತುಂಗಭದ್ರೆಯ ದಂಡೆಯ ಹುಲಿಗಿಗೆ ಹುಣ್ಣಿಮೆಗೊಮ್ಮೆ ಹೋಗಿಬರುವ ಮನೆಗಳು ಈ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಹುಲಿಗೆವ್ವನಿಗೆ ಹರಕೆ ಹೊತ್ತವಳೇ ನಳದ ಮುಂದೆ ಮಗನನ್ನು ಶನಿ ಎನ್ನುತ್ತಾಳೆ. ಹೀಗಿರುವಾಗ ಭಕ್ತಿ ತೆಳುವಾದದ್ದೇ ಕಾರಣವೆಂದರೆ ಕಣ್ಣೆದುರಿನ ಸಾಕ್ಷಿಯನ್ನು ತಳ್ಳಿಹಾಕಿದಂತಾಗುತ್ತದೆ. ನನ್ನ ವಾದ ಬೇರೆ. ಬೈಗುಳಕ್ಕೆ ಕಾವು ಕೊಡುವುದು ಅದು ಕರೆತರಬಲ್ಲ ಕೇಡು. ಆ ಕೇಡು ಜನರ ಬದುಕಿನಿಂದ ದೂರ ಸರಿದರೆ, ನಂಬಿಕೆ ಇದ್ದಲ್ಲೇ ಇದ್ದರೂ ಮಾತು ಆರುತ್ತದೆ. ಕೇಡು ಉಳಿದಿದ್ದರೆ ಎಷ್ಟು ಸಲ ಆಡಿದರೂ ಆರುವುದಿಲ್ಲ.

ಮೊದಲು ಹೊರಗಿನ ಲೋಕದ ಸಂಗತಿಯೊಂದನ್ನು ನೋಡಿಬಿಡೋಣ, ಯಾಕೆಂದರೆ ಈ ವಿಷಯದ ಮೇಲಿನ ಬರಹಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದಿವೆ. ಯೆಹೂದಿ ಮತ್ತು ಕ್ರೈಸ್ತ ಧರ್ಮಗಳಲ್ಲಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಹತ್ತು ಕಟ್ಟಳೆಗಳಲ್ಲೊಂದು. ಹೆಸರೆತ್ತುವುದೇ ತಪ್ಪಾದಾಗ ಹೆಸರೇ ಬೈಗುಳವಾಗುತ್ತದೆ. ಇಂಗ್ಲೆಂಡಿನಲ್ಲಿ 1606ರ ಕಾನೂನು ನಾಟಕದ ರಂಗದ ಮೇಲೆ ದೇವರ, ಕ್ರಿಸ್ತನ ಹೆಸರನ್ನು ಹಗುರವಾಗಿ ಬಳಸಿದರೆ 10 ಪೌಂಡ್ ದಂಡವೆಂದಿತು. ಕಟ್ಟಳೆಗೆ ಹೆದರಿದ ನಾಲಿಗೆ ಈ ಕಾನೂನಿಗೂ ಮೊದಲೇ ಹೆಸರನ್ನು ಮುರಿದು, ತಿರುಚಿ, ಅರ್ಧ ನುಂಗಿ ಆಡುವುದನ್ನು ರೂಢಿಸಿಕೊಂಡಿತ್ತು. ಕ್ರಿಸ್ತನ ಗಾಯಗಳ ಮೇಲೆ ಇಡುತ್ತಿದ್ದ ಆಣೆ 'ಝೌಂಡ್ಸ್' ಎಂಬ ಅರ್ಥವಿಲ್ಲದ ಸದ್ದಾದದ್ದು ಹಾಗೆ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಮಾತಾಡುವ ಜನರ ಅತಿ ಬಿರುಸಾದ ಬೈಗುಳಗಳು ಇಂದಿಗೂ ಚರ್ಚಿನ ಸಾಮಾನುಗಳ ಹೆಸರೇ: ಪ್ರಸಾದದ ರೊಟ್ಟಿ ಇಡುವ ಪೆಟ್ಟಿಗೆ, ದ್ರಾಕ್ಷಾರಸದ ಬಟ್ಟಲು, ಆ ರೊಟ್ಟಿಯೇ. ಪೂಜೆಯ ಗಂಟೆಯನ್ನೋ ಆರತಿ ತಟ್ಟೆಯನ್ನೋ ಹೆಸರಿಸಿ ಯಾರನ್ನಾದರೂ ಬೈಯಬಹುದೆಂಬುದು ಕನ್ನಡದ ಕಿವಿಗೆ ಹೊಳೆಯುವುದೇ ಇಲ್ಲ.

ಹೊಳೆಯದಿರಲು ಕಾರಣವಿದೆ. ನಮ್ಮ ಪರಂಪರೆಯಲ್ಲಿ ಹೆಸರೆತ್ತುವುದು ಪುಣ್ಯ, ಅದೂ ಎಚ್ಚರವಿಲ್ಲದೆ ಎತ್ತಿದರೂ ಪುಣ್ಯ. ಭಾಗವತದ ಅಜಾಮಿಳ ಸಾಯುವ ಹೊತ್ತಿನಲ್ಲಿ ಕರೆದದ್ದು ದೇವರನ್ನಲ್ಲ, ನಾರಾಯಣನೆಂಬ ಹೆಸರಿನ ತನ್ನ ಮಗನನ್ನು. ಅಷ್ಟಕ್ಕೇ ಯಮದೂತರು ಬರಿಗೈಯಲ್ಲಿ ಹಿಂತಿರುಗಬೇಕಾಯಿತು. ಮಕ್ಕಳಿಗೆ ದೇವರ ಹೆಸರಿಡುವ ರೂಢಿಯ ಹಿಂದೆ ಇದೇ ಲೆಕ್ಕವಿದೆ, ದಿನಕ್ಕೆ ನೂರು ಸಲ ಕೂಗಿದರೆ ನೂರು ನಾಮಸ್ಮರಣೆ. ಶರಣರು ವಚನದ ಕೊನೆಗೆ ತಮ್ಮ ದೇವರ ಹೆಸರನ್ನೇ ಅಂಕಿತವಾಗಿಟ್ಟರು. ಸಿಟ್ಟಿನ ವಚನಕ್ಕೂ ಅದೇ ಅಂಕಿತ. ಹಾಗಾಗಿ "ಶಿವ ಶಿವಾ", "ರಾಮ ರಾಮ", "ಅಯ್ಯ ಶಿವನ" ಎಂಬ ಉದ್ಗಾರಗಳು ಕನ್ನಡದಲ್ಲಿ ಯಾವತ್ತೂ ನಿಷೇಧದ ಗೆರೆ ದಾಟಿದವಲ್ಲ. ಅವನ್ನು ಬೈಗುಳದ ಪಟ್ಟಿಗೆ ಸೇರಿಸುವುದು ಇಂಗ್ಲಿಷ್ ಪುಸ್ತಕದ ಅಳತೆಗೋಲನ್ನು ಇಲ್ಲಿಗೆ ತಂದಿಟ್ಟಂತೆ. ಬೇಸರ, ನೋವು, ಅಚ್ಚರಿ, ಅಸಹ್ಯ, ಎಲ್ಲಕ್ಕೂ ಆಗಿಬರುವ ಉಸಿರು ಅದು.

ಆ ಉಸಿರು ಮಿದುಳಿನ ಯಾವ ಮೂಲೆಯಿಂದ ಬರುತ್ತದೆಂಬುದು ಮಾತ್ರ ಎಲ್ಲ ಭಾಷೆಗಳಿಗೂ ಸಮಾನ. ಇಂಗ್ಲೆಂಡಿನ ನರವೈದ್ಯ ಹಗ್ಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲೇ ಒಂದು ಸಂಗತಿ ಗಮನಿಸಿದ್ದ: ಪಾರ್ಶ್ವವಾಯು ಹೊಡೆದು ವಾಕ್ಯ ಕಟ್ಟುವ ಶಕ್ತಿ ಪೂರ್ತಿ ಹೋದವರೂ ಆಣೆ, ಬೈಗುಳ, ಉದ್ಗಾರಗಳನ್ನು ಸಲೀಸಾಗಿ ಆಡುತ್ತಾರೆ. ಫ್ರೆಂಚ್ ಕವಿ ಬೋದಿಲೇರ್ 1866ರಲ್ಲಿ ಇಂಥದೇ ಹೊಡೆತಕ್ಕೆ ಸಿಕ್ಕಿದ. ಭಾಷೆಯನ್ನೇ ಬದುಕಾಗಿಸಿಕೊಂಡಿದ್ದ ಆ ಮನುಷ್ಯನಿಗೆ ಕೊನೆಗೆ ಉಳಿದದ್ದು ಹೆಚ್ಚುಕಡಿಮೆ ಒಂದೇ ಮಾತು, ದೇವರ ಪವಿತ್ರ ನಾಮವನ್ನು ಮುರಿದು ಮಾಡಿದ 'ಕ್ರೆ ನೋಂ' ಎಂಬ ಹಗುರ ಬೈಗುಳ. ಬ್ರಸೆಲ್ಸ್‌ನಲ್ಲಿ ಅವನನ್ನು ಆರೈಕೆ ಮಾಡುತ್ತಿದ್ದವರು ಕ್ರೈಸ್ತ ಸನ್ಯಾಸಿನಿಯರು. ಅವರಿಗೆ ಆ ಮಾತು ಸಹಿಸಲಾಗಲಿಲ್ಲ. ಲೆಕ್ಕ ಹಾಕಿ ಆಡುವ ಮಾತಿಗೆ ಮಿದುಳಿನ ಎಡಭಾಗದ ಭಾಷಾಕೇಂದ್ರಗಳು ಬೇಕು. ತಾನಾಗಿ ಹೊರಬೀಳುವ ಮಾತಿನಲ್ಲಿ ಭಾವನೆ ಮತ್ತು ಅಭ್ಯಾಸಗಳನ್ನು ನಡೆಸುವ ಒಳಭಾಗಗಳ, ಬಲಭಾಗದ ಪಾಲು ದೊಡ್ಡದು. ಕೊಡ ಕಾಲ ಮೇಲೆ ಬಿದ್ದಾಗ "ಯವ್ವಾ" ಎನ್ನಲು ಯೋಚನೆ ಬೇಕಿಲ್ಲ.

ಯಾವ ಮಾತು ಆ ಒಳಭಾಗಕ್ಕೆ ಇಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಬಾಲ್ಯ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಮುಖ್ಯ. ತುರ್ಕಿ ತಾಯಿನುಡಿಯವರಾಗಿ ಆಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ತಂತಿ ಜೋಡಿಸಿ, ಚರ್ಮದ ಬೆವರಿನಿಂದ ವಿದ್ಯುತ್ ಹರಿವು ಎಷ್ಟು ಬದಲಾಗುತ್ತದೆಂದು ಅಳೆದರು. ಬೈಗುಳಗಳಿಗೆ, ಅದಕ್ಕಿಂತ ಮಿಗಿಲಾಗಿ ಚಿಕ್ಕವರಿದ್ದಾಗ ಕೇಳಿದ ಗದರಿಕೆಗಳಿಗೆ, ತಾಯಿನುಡಿಯಲ್ಲಿ ಮೈ ಹೆಚ್ಚು ಬೆವರಿತು. ಅಂದರೆ ಮಾತಿನ ಕಾವು ನಿಘಂಟಿನಿಂದ ಬರುವುದಲ್ಲ, ಅದನ್ನು ಆಡಿದಾಗ ಬಿದ್ದ ಏಟಿನಿಂದ, ಕಂಡ ಸಿಟ್ಟಿನಿಂದ ಬರುತ್ತದೆ. ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ 2009ರಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ. ಮಂಜಿನ ನೀರಿನಲ್ಲಿ ಕೈಯಿಟ್ಟ ವಿದ್ಯಾರ್ಥಿಗಳು ಬೈಗುಳ ಆಡುತ್ತಿದ್ದರೆ, ಸಾದಾ ಪದ ಆಡುವಾಗಿನದಕ್ಕಿಂತ ಹೆಚ್ಚು ಹೊತ್ತು ನೋವು ತಡೆದರು. 2020ರಲ್ಲಿ ಅವರೇ ಬೈಗುಳದಂತೆ ಕೇಳಿಸುವ ಹೊಸ ಪದಗಳನ್ನು ಕಟ್ಟಿ ಕೊಟ್ಟಾಗ ಆ ಉಪಕಾರ ಸಿಗಲಿಲ್ಲ. ಸದ್ದು ಎಷ್ಟೇ ಒರಟಾಗಿದ್ದರೂ ಹಿಂದೆ ಭಯದ ಇತಿಹಾಸವಿಲ್ಲದ ಪದ ಕೆಲಸ ಮಾಡಲಿಲ್ಲ. ಹಾಗಾದರೆ ಕನ್ನಡದ ಮಗು ಯಾವ ಭಯದ ನಡುವೆ ಬೆಳೆಯುತ್ತಿತ್ತು?

ಅದು ಶಾಪದ ಭಯ. ಇದಕ್ಕೆ ಸಾಕ್ಷಿ ಕಲ್ಲಿನ ಮೇಲೇ ಇದೆ. ಸುಮಾರು 450ರದೆಂದು ಎಣಿಸುವ ಹಲ್ಮಿಡಿ ಶಾಸನ, ದಾನವನ್ನು ಕೆಡಿಸಿದವರಿಗೆ ಮಹಾಪಾತಕ ತಗಲುವುದೆಂದು ಎಚ್ಚರಿಸುತ್ತದೆ. ಕನ್ನಡದ ಅತಿ ಹಳೆಯ ಬರಹಗಳಲ್ಲೊಂದರಲ್ಲೇ ಶಾಪ ಸೇರಿಕೊಂಡಿದೆ. ಅಲ್ಲಿಂದ ಮುಂದೆ ಸಾವಿರ ವರ್ಷ ದಾನಶಾಸನಗಳ ಕೊನೆ ಹೆಚ್ಚಾಗಿ ಹೀಗೇ: ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಸಾವಿರ ಕವಿಲೆಗಳನ್ನೂ ವೇದ ಬಲ್ಲವರನ್ನೂ ಕೊಂದ ಪಾಪ, ದಾನದ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆ. ಕೊಂಕಣದ ಶಿಲಾಹಾರರ ಕಾಲದ ಕಲ್ಲುಗಳಲ್ಲಿ ಓದು ಬಾರದವನಿಗೂ ತಿಳಿಯಲೆಂದು ಕತ್ತೆಯ ಚಿತ್ರವನ್ನೇ ಕೊರೆದರು, ಕಲ್ಲಿನ ಮಾತು ಮೀರಿದವನ ಮನೆಯ ಹೆಂಗಸಿಗೆ ಆಗಲಿರುವ ಅವಮಾನವನ್ನು ತೋರಿಸಲು. ತಪ್ಪು ಗಂಡಸಿನದು, ಬೈಗುಳ ಬಿದ್ದದ್ದು ಹೆಂಗಸಿನ ಮೇಲೆ. ಈ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳಲ್ಲಿ ಇಂಥ ಶಾಪವಿಲ್ಲ. ಅವು ಉಪದೇಶ ಮಾಡುತ್ತವೆ, ಆಸ್ತಿ ಬರೆದುಕೊಡುವುದಿಲ್ಲ. ಶಾಪ ಹುಟ್ಟುವುದು ಆಸ್ತಿಯ ಜೊತೆಗೆ. ಇಂದು ಕೊಟ್ಟ ಭೂಮಿಯನ್ನು ನೂರು ವರ್ಷದ ಮೇಲೆ ಬರುವ ಅರಸ ಕಿತ್ತುಕೊಂಡರೆ ತಡೆಯಲು ಇಂದಿನ ಅರಸನಿಂದಾಗದು. ಸೈನ್ಯ ಮುಟ್ಟಲಾರದ ಕಡೆಗೆ ಮುಟ್ಟಬೇಕಾದ ಕಾನೂನಿನ ಕೆಲಸವನ್ನು ಶಾಪ ಮಾಡುತ್ತಿತ್ತು. ಬಲವಿಲ್ಲದವರ ಬಾಯಲ್ಲೂ ಅದರ ಕೆಲಸ ಅದೇ. ಗೌಡನ ಎದುರು ನಿಂತು ನ್ಯಾಯ ಕೇಳಲಾಗದ ಹೆಂಗಸು ಮಣ್ಣು ತೂರಿ "ನಿನ್ನ ಮನಿ ಹಾಳಾಗ" ಎಂದಾಗ ಅವಳು ಬರೆಯುತ್ತಿದ್ದದ್ದೂ ಒಂದು ಶಾಸನವೇ. ಆಗ ಮನೆ ಹಾಳಾಗುವುದು ಕಲ್ಪನೆಯ ಮಾತಾಗಿರಲಿಲ್ಲ. ಬರ ಬಂದರೆ, ಬೇನೆ ಬಂದರೆ ವರ್ಷದೊಳಗೆ ತುಂಬಿದ ಮನೆ ಬಾಗಿಲು ಹಾಕಿಕೊಳ್ಳುತ್ತಿತ್ತು.

ಮಾರಿಯ ಕಥೆ ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ಉತ್ತರ ಕರ್ನಾಟಕದ ಊರೂರಲ್ಲಿ ದ್ಯಾಮವ್ವ, ದುರಗವ್ವರು ಊರ ತಾಯಂದಿರು. ಕಾಯುವವರೂ ಅವರೇ, ಮುನಿದರೆ ಬೇನೆ ತರುವವರೂ ಅವರೇ. ಸಿಡುಬು ಎದ್ದರೆ ರೋಗ ಬಂತೆನ್ನುತ್ತಿರಲಿಲ್ಲ, "ತಾಯಿ ಬಂದಾಳ" ಎನ್ನುತ್ತಿದ್ದರು. ಹಾಸಿಗೆಯ ಸುತ್ತ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಬಿಟ್ಟು, ಮನೆಯಲ್ಲಿ ದನಿ ಎತ್ತದೆ ಇರುತ್ತಿದ್ದರು. ಸಿಡುಬಿನ ಲಸಿಕೆಗೂ "ದೇವಿ ಹಾಕೋದು" ಎಂದೇ ಹೆಸರಾಯಿತು. ಸಿಡುಬಿನ ಉಗ್ರ ಬಗೆ ಹತ್ತಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಉಳಿದವರಲ್ಲಿ ಹಲವರ ಮುಖ ಕಲೆಯಾಗುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು. ಅಂಥ ದಿನಗಳಲ್ಲಿ "ನಿನಗ ಮಾರಿ ಬಡೀಲಿ" ಎಂಬುದನ್ನು ತಾಯಿ ಮಗನಿಗೆ ಆಡುವ ಮಾತೆಂದು ಊಹಿಸುವುದೂ ಕಷ್ಟ; ಬದ್ಧ ವೈರಿಗೆ ಆಡಿದರೂ ಕೇಳಿದವರು ಮೂಗಿನ ಮೇಲೆ ಬೆರಳಿಡುವ ಮಾತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1977ರಲ್ಲಿ ದೇಶ ಸಿಡುಬುಮುಕ್ತವೆಂದು ಖಚಿತವಾಯಿತು, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಲೋಕಕ್ಕೇ ಅದನ್ನು ಸಾರಿತು. ಅದಾದ ಮೇಲೆ ಹುಟ್ಟಿದವರಿಗೆ ಮಾರಿ ಎಂದರೆ ಜಾತ್ರೆ, ಬಾಡೂಟ, ಬೀಗರು. ದ್ಯಾಮವ್ವನ ಪೂಜೆ ನಿಂತಿಲ್ಲ, ಹರಕೆ ನಿಂತಿಲ್ಲ; ಅವಳ ಹೆಸರಿನಲ್ಲಿ ಬರುತ್ತಿದ್ದ ಸಾವು ಮಾತ್ರ ನಿಂತಿದೆ. ಬೈಗುಳ ಆರಿದ್ದು ಅದಕ್ಕೆ. 2020ರಲ್ಲಿ ಕೋವಿಡ್ ಬಂದಾಗ ಪತ್ರಿಕೆಗಳಿಗೆ ಥಟ್ಟನೆ ನೆನಪಾದ ಪದಗಳು 'ಮಹಾಮಾರಿ', 'ಹೆಮ್ಮಾರಿ'. ಕೇಡು ತಿರುಗಿ ಬಂದೊಡನೆ ಆರಿದ್ದ ಪದ ಮತ್ತೆ ಬಿಸಿಯಾಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಶನಿಯ ಭಯ ಹೋಗಿಲ್ಲವಲ್ಲ? ಶನಿವಾರ ಎಣ್ಣೆ ಸುರಿಯುವವರು, ಪಾವಗಡದ ಶನಿಮಹಾತ್ಮನ ಗುಡಿಗೆ ಹೋಗುವವರು ಕಡಿಮೆಯಾಗಿಲ್ಲ. ಆದರೂ ಶನಿ ಎಂಬುದು ಮನೆಮನೆಯ ಹಗುರ ಬೈಗುಳ. ಉತ್ತರ ಹುಡುಕಲು ಗ್ರಹದ ಹತ್ತಿರ ಹೋಗಬೇಕು. ಬರಿಗಣ್ಣಿಗೆ ಸುಲಭವಾಗಿ ಕಾಣುವ ಗ್ರಹಗಳಲ್ಲಿ ಶನಿಯೇ ದೂರದವನು, ಸೂರ್ಯನಿಂದ ಸರಾಸರಿ 143 ಕೋಟಿ ಕಿಲೋಮೀಟರ್ ಆಚೆ. ದೂರವಿದ್ದಷ್ಟೂ ನಡಿಗೆ ನಿಧಾನ. ಸೂರ್ಯನ ಸುತ್ತ ಒಂದು ಸುತ್ತಿಗೆ ಅವನಿಗೆ 29 ವರ್ಷದ ಮೇಲೆ ಆರು ತಿಂಗಳು ಬೇಕು. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದರಲ್ಲಿ ಸುಮಾರು ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ ವರ್ಷ. ನಮ್ಮ ಕಡೆಯ 'ಸಾಡೇಸಾತಿ' ಎಂದರೆ ಇದೇ ಗುಣಾಕಾರ. ಇನ್ನು ಬೇಡದವರು ಮನೆಗೆ ಬಂದು ಕೂತಾಗ ಬೈಯುವ "ವಕ್ರಿಸಿಕೊಂಡ" ಎಂಬ ಮಾತೂ ಆಕಾಶದ್ದೇ. ವರ್ಷಕ್ಕೊಮ್ಮೆ ಸುಮಾರು ನಾಲ್ಕೂವರೆ ತಿಂಗಳು ಶನಿ ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿದಂತೆ ಕಾಣುತ್ತಾನೆ. ಯಲಬುರ್ಗಾ ರಸ್ತೆಯಲ್ಲಿ ಬಸ್ಸು ಎತ್ತಿನ ಬಂಡಿಯನ್ನು ದಾಟಿ ಮುಂದೆ ಹೋಗುವಾಗ, ಬಂಡಿ ದೂರದ ಗುಡ್ಡದ ಎದುರು ಹಿಂದೆ ಸರಿದಂತೆ ಕಾಣುತ್ತದಲ್ಲ, ಹಾಗೆ. ಬೇಗ ಓಡುವ ಭೂಮಿ ಮೆಲ್ಲಗೆ ಹೋಗುವ ಶನಿಯನ್ನು ದಾಟುವುದು ನಮಗೆ ಶನಿಯ ವಕ್ರಗತಿಯಾಗಿ ಕಾಣುತ್ತದೆ. ಈಗ ಆಕ್ಷೇಪಕ್ಕೆ ಬರೋಣ. ನಂಬುವವರ ಲೆಕ್ಕದಲ್ಲೇ ಶನಿ ಹುಟ್ಟಿದ ಗಳಿಗೆಗೆ ಕಟ್ಟುಬಿದ್ದವನು. ಪಕ್ಕದ ಮನೆಯವಳು ಕರೆದರೆಂದು ಬರುವವನಲ್ಲ. ಮಗನನ್ನು ಶನಿ ಎಂದಾಗ ತಾಯಿ ಕೇಡನ್ನು ಕರೆಯುತ್ತಿಲ್ಲ, ಪೀಡಿಸುವುದರಲ್ಲಿ ನೀನು ಶನಿಗೆ ಸಮ ಎನ್ನುತ್ತಿದ್ದಾಳೆ. ಇದೇ ಮಾತನ್ನು ನಿಜವಾಗಿ ಸಾಡೇಸಾತಿ ನಡೆದಿದೆಯೆಂದು ನಂಬಿ ನಿದ್ದೆಗೆಟ್ಟವನ ಮುಂದೆ, ಮನೆಗೆ ಹೆಣ್ಣು ಕೇಳಲು ಬಂದ ಬೀಗರ ಮುಂದೆ ಆಡಿದರೆ ಜಗಳವೇ ಆಗುತ್ತದೆ. ಕೇಡಿನ ಸಮೀಪ ಹೋದಲ್ಲಿ ಶನಿಯೂ ಸುಡುತ್ತಾನೆ.

ಹಳೆ ಮೈಸೂರು ಸೀಮೆಯ 'ಮೂದೇವಿ'ಗೂ ಇಂಥದೇ ಚರಿತ್ರೆ. ಅವಳು ಲಕ್ಷ್ಮಿಯ ಅಕ್ಕ ಜ್ಯೇಷ್ಠೆ, ಕಾಗೆಯ ಧ್ವಜದವಳು, ಕಸಬರಿಗೆ ಹಿಡಿದವಳು, ಕತ್ತೆ ವಾಹನದವಳು. ಕಂಚಿಯ ಕೈಲಾಸನಾಥ ಗುಡಿಯಲ್ಲಿ 8ನೇ ಶತಮಾನದ ಅವಳ ಶಿಲ್ಪವಿದೆ. ಆಗ ಅವಳಿಗೆ ಪೂಜೆಯಿತ್ತು. ಪೂಜೆ ನಿಂತ ಮೇಲೆ ಅವಳು ಉಳಿದದ್ದು ಬೆಳಿಗ್ಗೆ ತಡವಾಗಿ ಏಳುವ ಮಕ್ಕಳನ್ನು ಎಬ್ಬಿಸುವ ಮಾತಿನಲ್ಲಿ. ಪೂಜಾವಿಧಿಯಿಂದ ಬಂದ ಉಳಿದ ಮಾತುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೈಸಿಕೊಂಡರೆ ಮಂಗಳಾರತಿ, ಮೋಸಹೋದರೆ ಮೂರು ನಾಮ, ದುಡ್ಡು ಮುಳುಗಿದರೆ ಗೋವಿಂದಾ, ಆಸೆ ಬಿಟ್ಟರೆ ಎಳ್ಳುನೀರು. ಇವುಗಳಲ್ಲಿ ಎಳ್ಳುನೀರು ಒಂದೇ ಇನ್ನೂ ಸ್ವಲ್ಪ ಕಾವು ಉಳಿಸಿಕೊಂಡಿದೆ. ತಂದೆತಾಯಿ ಹೋಗಿ ವರ್ಷ ತುಂಬದ ಮನೆಯಲ್ಲಿ ಆ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ, ಅಲ್ಲಿ ಸಾವು ಇನ್ನೂ ಹತ್ತಿರವಿದೆ.

ಕುಕನೂರಿನ ಸೀಮೆ 1948ರವರೆಗೆ ನಿಜಾಮನ ಹೈದರಾಬಾದಿನೊಳಗಿತ್ತು. ಕಚೇರಿಯ ಉರ್ದು, ಪೇಟೆಯ ದಖನಿ ಇಲ್ಲಿನ ಕನ್ನಡಕ್ಕೆ ಬೈಗುಳಗಳನ್ನೂ ಕೊಟ್ಟವು. ಸೈತಾನ, ಹರಾಮಿ, ಹರಾಮಖೋರ, ತೋಬಾ. ಮೊಹರಂನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸುವ ಲಿಂಗಾಯತರ, ಕುರುಬರ ಮನೆಗಳಲ್ಲಿ ಈ ಮಾತುಗಳು ನೆರೆಯ ಸಾಬರ ಮನೆಯಲ್ಲಿರುವಷ್ಟೇ ಸಲೀಸು. ಆದರೆ ಇವುಗಳ ಪಾಡು ಒಂದೇ ಅಲ್ಲ. ಹಿಂದೂ ಮನೆಯ ತಾಯಿಗೆ ಸೈತಾನನೆಂದರೆ ತುಂಟ ಹುಡುಗ, ಅಷ್ಟೇ. ಅವಳ ನರಕದಲ್ಲಿ ಅವನಿಗೆ ಜಾಗವೇ ಇಲ್ಲ. 'ಹರಾಮಿ' ಹಾಗಲ್ಲ. ಧರ್ಮಸಮ್ಮತವಲ್ಲದ್ದು ಎಂಬ ಇಸ್ಲಾಮಿನ ಕಟ್ಟಳೆಯ ಪದ ಒಬ್ಬನ ಹುಟ್ಟನ್ನೇ ಪ್ರಶ್ನಿಸುವ ಪದವಾಗಿ ಬಂದಿತು, ಮತ್ತು ಹುಟ್ಟಿನ ಬಗ್ಗೆ ಎತ್ತಿದ ಮಾತು ಯಾವ ಧರ್ಮದವನ ಮನೆಯಲ್ಲೂ ಕೇಡು ಮಾಡಬಲ್ಲದು. ಎರಡೂ ಒಂದೇ ಧರ್ಮದಿಂದ, ಒಂದೇ ದಾರಿಯಲ್ಲಿ ಬಂದವು. ಕೇಡಿಲ್ಲದ್ದು ಮುದ್ದಿನ ಮಾತಾಯಿತು, ಕೇಡುಳ್ಳದ್ದಕ್ಕೆ ಇಂದಿಗೂ ಕೊರಳಪಟ್ಟಿ ಹಿಡಿಯುತ್ತಾರೆ.

ಇನ್ನೊಂದು ಆಕ್ಷೇಪ ಭಾಷಾಶಾಸ್ತ್ರ ಬಲ್ಲವರದು. ಯಾವ ಪದವನ್ನಾದರೂ ಮತ್ತೆ ಮತ್ತೆ ಆಡಿದರೆ ಸವೆಯುತ್ತದೆ, ಕೇಡು ಗೀಡು ಬೇಡ, ಬಳಕೆಯೇ ಸಾಕು ಎನ್ನುತ್ತಾರೆ ಅವರು. ಸವೆತ ಇದೆ, ನಿಜ. ಆದರೆ ಅದೊಂದೇ ಸಾಲದೆಂದು ಆಣೆ ತೋರಿಸುತ್ತದೆ. ದಿನಕ್ಕೆ ಹತ್ತು ಸಲ "ದೇವರಾಣಿ", "ಹುಲಿಗೆವ್ವನಾಣಿ" ಎನ್ನುವವನು ಗುಡಿಯೊಳಗೆ ಕರ್ಪೂರ ಹಚ್ಚಿ ಅದೇ ಮಾತನ್ನು ಹೇಳೆಂದರೆ ಹಿಂದೆಗೆಯುತ್ತಾನೆ. 2011ರ ಜೂನ್ 27ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಮತ್ತು ಅವರ ಎದುರಾಳಿ ಕುಮಾರಸ್ವಾಮಿ ಆಣೆ ಪ್ರಮಾಣದ ಸವಾಲಿನ ಮೇಲೆ ಧರ್ಮಸ್ಥಳಕ್ಕೆ ಹೋದರು. ಇಬ್ಬರೂ ಪೂಜೆ ಸಲ್ಲಿಸಿದರು, ಆಣೆ ಮಾತ್ರ ಇಡಲಿಲ್ಲ. ಪದ ಅದೇ, ಬಳಕೆ ಲಕ್ಷಾಂತರ ಸಲ ಆಗಿದೆ. ಸುಳ್ಳಾದರೆ ತಟ್ಟುತ್ತದೆಂಬ ಭಯ ಯಾವ ಜಾಗದಲ್ಲಿ ಜೀವಂತವಿದೆಯೋ ಆ ಜಾಗದಲ್ಲಿ ಅದು ಸವೆದಿಲ್ಲ. ಕ್ವಿಬೆಕ್‌ನ ಬೈಗುಳಗಳನ್ನೂ ಇಲ್ಲೇ ಪರೀಕ್ಷಿಸಬೇಕು. 1960ರ ದಶಕದಲ್ಲಿ ಅಲ್ಲಿನ ಶಾಲೆ, ಆಸ್ಪತ್ರೆಗಳು ಚರ್ಚಿನ ಹಿಡಿತದಿಂದ ಹೊರಬಂದವು, ಚರ್ಚಿಗೆ ಹೋಗುವವರು ಇಳಿದರು. ಕೇಡು ಹೋದರೆ ಪದ ಆರಬೇಕಿತ್ತು, ಆರಲಿಲ್ಲವಲ್ಲ? ಅಲ್ಲಿ ಭಯ ಜಾಗ ಬದಲಿಸಿತು, ಹೋಗಲಿಲ್ಲ. ಪಾದ್ರಿಯ ದಂಡನೆ ಹೋದರೂ ಆ ಪದ ಆಡಿದ ಮಗುವಿನ ಮೇಲೆ ತಾಯಿ ಸಿಡುಕುವುದು ನಿಲ್ಲಲಿಲ್ಲ, ಮತ್ತು ಹ್ಯಾರಿಸ್ ಅವರ ಪ್ರಯೋಗ ಹೇಳುವಂತೆ ಚರ್ಮಕ್ಕೆ ನೆನಪಿರುವುದು ಆ ಸಿಡುಕೇ. ನಮ್ಮಲ್ಲಿ ಶನಿ, ಮಾರಿ ಎನ್ನುವುದನ್ನು ಮಗು ಕಲಿಯುವುದು ತಾಯಿಯ ಬಾಯಿಂದ. ಆಡಿದರೆ ಗದರುವವರು ಯಾರು?

ಕೊನೆಯ ಆಕ್ಷೇಪವನ್ನು ಎತ್ತಬೇಕಾದವರು ಇಂಥ ಪುಸ್ತಕಗಳನ್ನು ಓದುವವರಲ್ಲಿ ಕಡಿಮೆ, ಹಾಗಾಗಿ ಅವರ ಪರವಾಗಿ ನಾನೇ ಎತ್ತುತ್ತೇನೆ. ಹಗುರ ಎಂದೆಯಲ್ಲ, ಯಾರಿಗೆ ಹಗುರ? ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲೇ ಬರೆದಂತೆ, ಕೆಲವು ನಂಟಸ್ತಿಕೆಗಳಲ್ಲಿ ಬೈದು ಆಡಿಕೊಳ್ಳುವುದೇ ಸಲಿಗೆಯ ಗುರುತು. ಭಾವ ಮೈದುನರು, ಗೆಳೆಯರು "ನಿನ್ನ ಮನಿ ಹಾಳಾಗ" ಎಂದು ನಕ್ಕು ತಬ್ಬಿಕೊಳ್ಳುವುದು ಇಬ್ಬರಿಗೂ ಯಾವ ಕೇಡಿನ ಭಯವೂ ಇಲ್ಲದ್ದರಿಂದ. ಆದರೆ ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂರಿಸಿದ ಆಚರಣೆಯಿಂದ ಬಂದ 'ಮುಂಡೇದು' ಎಂಬ ಮಾತು ಆಡುವವನಿಗೆ ಮುದ್ದು, ಶುಭಕಾರ್ಯಕ್ಕೆ ಇವತ್ತಿಗೂ ಕರೆ ಬಾರದ ವಿಧವೆಗೆ ಮುದ್ದಲ್ಲ. ಇದು ನನ್ನ ವಾದಕ್ಕೆ ಅಡ್ಡಿಯಾಗುವುದಿಲ್ಲ, ಅದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಕೇಡು ಹೋದರೆ ಪದ ಆರುವುದಾದರೆ, ಕೇಡು ಬಂದು ಕೂತರೆ ಪವಿತ್ರ ಪದವೂ ಬೈಗುಳವಾಗಬೇಕು. ಆಗಿದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಗುಡಿಯ ಸೂಳೆಯರಿಗೆ ಭೂಮಿ, ಮನೆ, ಜೀವಿತ ಬಿಟ್ಟ ಉಲ್ಲೇಖಗಳು ಬರುತ್ತವೆ. ಅಲ್ಲಿ ಆ ಪದ ಗುಡಿಯ ಒಂದು ಹುದ್ದೆಯ ಹೆಸರು. 19ನೇ ಶತಮಾನದ ಕೊನೆಯಲ್ಲಿ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಬರೆದ ಫಾಸೆಟ್, ದೇವರಿಗೆ ಬಿಟ್ಟ ಮಗಳಿಗೆ ಗಂಡು ಮಗನ ಹಕ್ಕುಗಳಿದ್ದವೆಂದು ದಾಖಲಿಸಿದ. ಗುಡಿಯ ಭೂಮಿ ಹೋಯಿತು, ಹಕ್ಕು ಹೋಯಿತು. ಬಡತನ, ಜಾತಿಯ ಹೊರೆ, ಗಂಡಸರ ದೌರ್ಜನ್ಯ ಉಳಿದವು. ಅವುಗಳ ಜೊತೆಗೇ ಎರಡು ಪದಗಳೂ ಬೈಗುಳದ ತಳಕ್ಕೆ ಇಳಿದವು. ಅಲ್ಲಿಂದ ಅವು ಆರಿಲ್ಲ. ದಿನಕ್ಕೆಷ್ಟು ಸಲ ಬೀದಿಯಲ್ಲಿ ಕೇಳಿಸಿದರೂ ಆರಿಲ್ಲ, ಯಾಕೆಂದರೆ ಅವು ಹೇಳುವ ಕೇಡನ್ನು ಇಂದು ಉಣ್ಣುತ್ತಿರುವ ಹೆಂಗಸರು, ಅವರ ಮಕ್ಕಳು ನಮ್ಮ ನಡುವೆಯೇ ಇದ್ದಾರೆ.

ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು 1982ರಲ್ಲಿ ಬಂದಿತು. ದೇವರಿಗೆ ಬಿಡುವುದನ್ನು ಅದು ಅಪರಾಧವೆಂದಿತು, ಬೈಗುಳವನ್ನು ತಡೆಯಲು ಅದರಿಂದಾಗಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕುಕನೂರುಗಳ ಶಾಲೆಗಳಲ್ಲಿ ಪಾಠ ಮಾಡುವ ಗುರುಗಳಿಗೆ, ಮನೆಯಲ್ಲಿ ಮಕ್ಕಳನ್ನು ಸಾಕುವ ತಾಯಿತಂದೆಯರಿಗೆ ನನ್ನದೊಂದು ಕೋರಿಕೆ. ಮಕ್ಕಳು ಒಬ್ಬರನ್ನೊಬ್ಬರು ಶನಿ, ಸೈತಾನ ಎಂದರೆ ಬಿಟ್ಟುಬಿಡಿ, ಅದರಲ್ಲಿ ಯಾರಿಗೂ ನೋವಿಲ್ಲ. ಯಾವುದಾದರೂ ಮಗುವನ್ನು ಇನ್ನೊಂದು ಮಗು 'ಬಸವಿ ಮಗ' ಎಂದದ್ದು ಕಿವಿಗೆ ಬಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ, ಆ ಹೊತ್ತಿನಲ್ಲೇ ಗದರಿ.